ತಪ್ಪು ಬರೆಯಿರಿ ಎಂದವರು

ಕಾಲೇಜು ಕಳಿಸಿದ್ದ ಹೂವಿನ ಹಾರವನ್ನು ತಂಗಿ ಅಕ್ಕನ ಶವಪೆಟ್ಟಿಗೆಯ ಮೇಲಿಂದ ಎತ್ತಿ ಹೊರಗೆ, ಚಪ್ಪಲಿಗಳ ಪಕ್ಕ ಇಟ್ಟುಬಂದಳು.

"ಬಿಡಮ್ಮ, ಜನ ನೋಡ್ತಾರೆ," ಎಂದರು ಭಾವ.

"ನೋಡ್ಲಿ ಭಾವ. ಇದ್ದಾಗ ತಿರುಗಿ ನೋಡದೋರು ಈಗ ಹೂವು ಕಳ್ಸಿದಾರೆ."

ಆಗಲೇ ಪ್ರಾಂಶುಪಾಲ ಒಳಬಂದ. ಅಕ್ಕ ಆ ದಂತವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಅವರ ಸಹಾಯಕನಾಗಿದ್ದವನು. ಎಲ್ಲರ ಬಾಯಲ್ಲೂ ಅವನು 'ಮೇಡಂ ಬಲಗೈ'. ಅವನ ಹಿಂದೆಯೇ ಬಂದ ಗಿಡ್ಡ ಹೆಂಗಸು ಗೋಡೆಗೆ ಒರಗಿ ನಿಂತಳು. ಊರಲ್ಲಿ ಅವಳದೊಂದು ಕನ್ನಡಕದ ಅಂಗಡಿ. ಭಾವ ಅವಳನ್ನು ಕಂಡದ್ದೇ ಗುರುತು ಹಿಡಿದರು.

*

"ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಬಾಯೊಳಗಿನ ಹಲ್ಲಿಗೆ ಬೇಕಲ್ಲ?"

ಹೊಸ ವಿದ್ಯಾರ್ಥಿಗಳನ್ನು ಮೇಡಂ ಹೀಗೆ ನಗಿಸುತ್ತಿದ್ದರು. ಅವರ ಕನ್ನಡಿಯೆಂದರೆ ಪೋರ್ಟ್‌ಫೋಲಿಯೋ, ಪ್ರತಿ ವಿದ್ಯಾರ್ಥಿಯ ಕೆಲಸದ ಕಡತ. ಕೆಲಸಕ್ಕೆ ಮೊದಲಿನ ಹಲ್ಲಿನ ಫೋಟೋ, ಆಮೇಲಿನದು, ಎಕ್ಸ್‌ರೇ. ಕೆಳಗೆ, ಕೈ ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಎಂದು ಅವರವರ ಮಾತಿನಲ್ಲಿ.

"ಇದಕ್ಕೆ ಅಂಕ ಇಲ್ಲ. ನಾವು ಬಿಟ್ಟು ಇನ್ಯಾರೂ ಓದಲ್ಲ. ತಪ್ಪು ಬರೀರಿ."

ಒಬ್ಬಳು ಬರೆದಳು. ಹಲ್ಲಿನ ಬೇರು ಶುಚಿಮಾಡುವಾಗ ಸೂಜಿಯ ತುದಿ ಮುರಿದು ಒಳಗೇ ಉಳಿದಿತ್ತು. ಅವಸರಪಟ್ಟೆ ಎಂದು ಒಪ್ಪಿಕೊಂಡಿದ್ದಳು. ಮೇಡಂ ರೋಗಿಗೆ ವಿಷಯ ತಿಳಿಸಿದರು. ಆಮೇಲೆ ಅವಳ ಪಕ್ಕದಲ್ಲೇ ಕೂತು, ಕಿತ್ತಿಟ್ಟ ಹಲ್ಲುಗಳ ಮೇಲೆ ಕೈ ಪಳಗುವವರೆಗೆ ಅಭ್ಯಾಸ ಮಾಡಿಸಿದರು. ವರ್ಷ ಮುಗಿಯುವ ಹೊತ್ತಿಗೆ ತರಗತಿಯಲ್ಲೇ ಹಗುರವಾದ ಕೈ ಅವಳದು.

ಅಷ್ಟರಲ್ಲಿ ಆ ರೋಗಿ ದೂರು ಕೊಟ್ಟ. ಆಡಳಿತ ಮಂಡಳಿಗೆ ಒಂದು ತಲೆದಂಡ ಬೇಕಿತ್ತು. ಅವಳು ಬರೆದ ಪುಟ ಅವರ ಮೇಜಿಗೆ ಬಂತು. ಅವಳನ್ನು ಕಾಲೇಜಿನಿಂದ ತೆಗೆದುಹಾಕಿದರು. ಮರುವರ್ಷ ಎಲ್ಲರ ಪೋರ್ಟ್‌ಫೋಲಿಯೋದಲ್ಲೂ ಮುತ್ತಿನಂಥ ಹಲ್ಲುಗಳೇ. ಯಾರ ಕೈಯೂ ತಪ್ಪಿರಲಿಲ್ಲ. ಮೇಡಂ ಅವನ್ನೆಲ್ಲ ಓದಿ ಮುಗಿಸಿ ರಾಜೀನಾಮೆ ಕೊಟ್ಟರು.

*

"ಮೇಡಂ ನಮಗೆ ಸತ್ಯ ಬರೆಯೋದನ್ನ ಕಲಿಸಿದ್ರು," ಎಂದು ಬಲಗೈ ಬಂದವರಿಗೆ ಹೇಳುತ್ತಿದ್ದ.

ಗಿಡ್ಡ ಹೆಂಗಸು ಭಾವನ ಬಳಿ ಬಂದಳು. "ನಾನು ಮೇಡಂನ ಬೈಯೋಕೇ ಬಂದೆ ಸರ್. ಅಷ್ಟು ನಂಬಿಸಿ ಕುತ್ತಿಗೆ ಕೊಯ್ದರಲ್ಲ. ಇದ್ದಾಗ ಕೇಳೋಕೆ ಧೈರ್ಯ ಬರ್ಲಿಲ್ಲ."

"ಆ ಪುಟ ಅವಳು ಕೊಡ್ಲಿಲ್ಲಮ್ಮ. ಅವನ್ನೆಲ್ಲ ಇಡ್ತಿದ್ದ ಬೀರುವಿನ ಬೀಗದಕೈ ಇಬ್ಬರ ಹತ್ರ ಇತ್ತು." ಭಾವ ಬಲಗೈಯತ್ತ ನೋಡಿದರು. "ಅದನ್ನ ಹೇಳೋಕೆ ನಿಮ್ಮನೆಗೆ ಬಂದಿದ್ಲು. ನಿಮ್ಮಪ್ಪ ಬಾಗಿಲು ತೆಗೀಲಿಲ್ಲ."

"ತೆಗೀಬೇಡಿ ಅಂದಿದ್ದು ನಾನೇ," ಎಂದಳು ಅವಳು.

ಆಮೇಲೆ ಬಲಗೈಯ ಎದುರು ಹೋಗಿ ನಿಂತಳು. "ನೀವಾ?"

ಅವನು ದನಿ ತಗ್ಗಿಸಿದ. "ಕಾಲೇಜು ಉಳೀಬೇಕಿತ್ತು. ಮೇಡಂಗೆ ಗೊತ್ತಾದ ಮೇಲೂ ಅವರು ಬಾಯಿಬಿಡ್ಲಿಲ್ಲ."

"ಯಾರು ಬಾಯಿಬಿಡ್ಲಿಲ್ಲ?" ಎಂದಳು ತಂಗಿ. "ಅಕ್ಕ ಮಂಡಳಿ ಮುಂದೆ ಹೋಗಿ ಹೇಳಿದ್ಲು. ಆಗ ನೀನು, ಮೇಡಂ ಒಪ್ಪಿಗೆ ತಗೊಂಡೇ ಕೊಟ್ಟೆ ಅಂದೆ."

ಅವನು ಕೈಗಡಿಯಾರ ನೋಡಿಕೊಂಡ.

ಪೆಟ್ಟಿಗೆ ಎತ್ತುವ ಹೊತ್ತಾಯಿತು. ಬಲಗೈ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿ ತಲೆಯ ಕಡೆಗೆ ಬಂದ.

"ಆ ಕಡೆ ಈಕೆ ಹಿಡೀತಾಳೆ," ಎಂದರು ಭಾವ, ಗಿಡ್ಡ ಹೆಂಗಸಿನತ್ತ ಕೈ ತೋರಿ.

ಅವಳ ಹೆಗಲು ಉಳಿದವರಿಗಿಂತ ತೀರ ತಗ್ಗು. ಪೆಟ್ಟಿಗೆ ಅವಳ ಕಡೆಗೇ ವಾಲಿತು. ಉಳಿದ ಮೂವರೂ ಮಂಡಿ ಬಗ್ಗಿಸಿ, ಅವಳ ಎತ್ತರಕ್ಕೆ ತಗ್ಗಿ, ಮೆಲ್ಲಗೆ ಮೆಟ್ಟಿಲಿಳಿಯತೊಡಗಿದರು.