ಏಳನೇ ಕಂತಿನ ಸೂಟು

"ಚೀಲ ಸುರಿ ಅಂದ್ನಲ್ಲ, ಕಳ್ಳಮುಂಡೆ," ಎನ್ನುತ್ತ ಮ್ಯಾನೇಜರು ಇಸ್ತ್ರಿ ಅಕ್ಕನ ಚೀಲ ಕಿತ್ತುಕೊಂಡು ನೆಲಕ್ಕೆ ಕೊಡವಿದ. ಊಟದ ಡಬ್ಬಿ, ಬಾಚಣಿಗೆ, ತಿಂಗಳ ಬಟ್ಟೆಯ ಗಂಟು ಉರುಳಿಬಿದ್ದವು. ಹೊಲಿಗೆ ಕೋಣೆಯ ಗಂಡಸರು ತಲೆ ತಗ್ಗಿಸಿದರು. ಒಬ್ಬ ಮಾತ್ರ ಕಿಸಕ್ಕನೆ ನಕ್ಕ.

"ಫೋನೆಲ್ಲಿ?"

"ಡಬ್ಬಿ ಪಕ್ಕ ಬಿದ್ದಿದೆಯಲ್ಲ ಸಾರ್. ಬಟನ್ ಒತ್ತೋದು. ಅದ್ರಲ್ಲಿ ಮಾತು ಕೇಳಿಸಿದ್ರೇ ನನ್ನ ಪುಣ್ಯ."

ಎರಡನೇ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದವಳು ಪೆಡಲಿನ ಮೇಲಿಂದ ಕಾಲು ತೆಗೆಯಲಿಲ್ಲ. ಬಟ್ಟೆ ಮುಗಿದರೂ ಸೂಜಿ ಓಡುತ್ತಲೇ ಇತ್ತು.

ನಾಲ್ವರು ಮಕ್ಕಳು ತಾವೇ ಕಟ್ಟಿದ ನೌಕೆಯಲ್ಲಿ ನಕ್ಷತ್ರಗಳಾಚೆ ಹೊರಡುವ ಟಿವಿ ಧಾರಾವಾಹಿಗೆ ಅಲ್ಲಿ ಬೆಳ್ಳಿಬಣ್ಣದ ಸೂಟು ಹೊಲಿಯುತ್ತಿದ್ದರು. ಏಳನೇ ಕಂತನ್ನು ಪ್ರಸಾರಕ್ಕೆ ಮೊದಲೇ ಯಾರೋ ಕದ್ದು ಇಂಟರ್ನೆಟ್ಟಿಗೆ ಬಿಟ್ಟಿದ್ದರು. ಮೊನ್ನೆ ಎರಡನೇ ಮಿಷನ್ನಿನವಳ ಮಗಳು ಅದನ್ನು ಗೆಳತಿಯಿಂದ ಫೋನಿಗೆ ಹಾಕಿಸಿಕೊಂಡು ಬಂದು, "ಅಮ್ಮಾ, ನೀನು ಹೊಲಿದದ್ದು ನೋಡೇ," ಎಂದಳು. ದುಡ್ಡು ಕಟ್ಟಿ ನೋಡುವ ಚಾನೆಲ್ಲು ಅವರ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ತಾಯಿ ಮಗಳು ಕಣ್ಣು ಮಿಟುಕಿಸದೆ ನೋಡಿದರು. ನೌಕೆ ನಡೆಸುವ ಹುಡುಗಿ ಕೈಯೆತ್ತಿದಾಗ ಕಂಕುಳಲ್ಲಿ ಬಟ್ಟೆ ಸಾಲದೆ ಬಿಳಿಯ ಒಳಪದರ ಹಲ್ಲು ಕಿರಿಯಿತು. ತನ್ನದೇ ಕೈಯ ಹೊಲಿಗೆ. ತಾಯಿಯ ಜೀವ ಹಿಡಿಯಷ್ಟಾಯಿತು. ಎಂಟನೇ ಕಂತಿಗೂ ಅದೇ ಸೂಟು. ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಕಂಕುಳಿಗೊಂದು ತುಂಡು ಸೇರಿಸಿ ಹೊಲಿದು, ಇಸ್ತ್ರಿ ಮೇಜಿನ ಮೇಲಿಟ್ಟಳು.

"ತೂಗುಹಾಕಿದ್ರೆ ಕಾಣದ ಹುಳುಕು ಇದು. ಇನ್ನೂ ಟಿವೀಲಿ ಬರದ ಕಂತು ನೋಡ್ದೇ ಹೆಂಗೆ ಗೊತ್ತಾಯ್ತು?" ಮ್ಯಾನೇಜರು ಸೂಟನ್ನು ಇಸ್ತ್ರಿ ಅಕ್ಕನ ಮುಖಕ್ಕೆ ಹಿಡಿದ. "ನಿನ್ನ ಮೇಜಿನ ಮೇಲೇ ಸಿಕ್ಕಿದೆ. ನಿಮ್ಮಂಥ ಹಲ್ಕಾಗಳು ಕದ್ದು ನೋಡಿ ನೋಡಿ, ದುಡ್ಡು ಹುಟ್ಟದೆ ಧಾರಾವಾಹೀನೇ ನಿಲ್ಲಿಸ್ತಿದಾರೆ. ಎಂಟಕ್ಕೇ ಮುಗೀತು. ಆ ಮಕ್ಕಳು ಯಾವ ಗ್ರಹಾನೂ ಮುಟ್ಟಲ್ಲ."

ಮುಂದೇನಾಗುತ್ತೆ ಎಂದು ಮಗಳು ಎರಡು ದಿನದಿಂದ ತಲೆ ತಿನ್ನುತ್ತಿದ್ದಳು.

ಇಸ್ತ್ರಿ ಅಕ್ಕ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಹತ್ತು ವರ್ಷದಿಂದ ತಾನು ಇಸ್ತ್ರಿ ಹಾಕುತ್ತಿದ್ದ ಕೈಗೆಲಸ. ಕಣ್ಣು ಕಟ್ಟಿದರೂ ಗುರುತು ಸಿಗುವಂಥದ್ದು. ಎರಡನೇ ಮಿಷನ್ನಿನ ಕಡೆ ಒಮ್ಮೆ ನೋಡಿದಳು.

ಆಗ ಎರಡನೇ ಮಿಷನ್ನಿನವಳು ಎದ್ದಳು. "ಹೊಲಿದದ್ದು ನಾನು ಸಾರ್. ನೋಡಿದ್ದೂ ನಾನೇ."

"ನಾಚಿಕೆ ಆಗಲ್ವೇನೇ?"

"ಆಗುತ್ತೆ. ಆದ್ರೆ ನಾವು ಹೊಲಿದದ್ದನ್ನ ನಾವೆಲ್ಲಿ ನೋಡ್ಬೇಕಿತ್ತು, ಹೇಳಿ."

"ನಿನ್ನ ಇಟ್ಕೊಂಡಿರೋದು ನೋಡೋಕಲ್ಲ, ಹೊಲಿಯೋಕೆ. ಬಿಚ್ಚು ಆ ಹೊಲಿಗೇನ. ಬಿಚ್ಚಿಟ್ಟು, ಪೊಲೀಸರು ಬರೋವರೆಗೂ ಆ ಮೂಲೇಲಿ ಬಿದ್ದಿರು."

"ಬಿಚ್ಚಲ್ಲ."

ಮ್ಯಾನೇಜರು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಅವಳು ಮೊಣಕಾಲೂರಿ ನೆಲದ ಮೇಲಿನ ಬಟ್ಟೆಯ ಗಂಟಿಗೆ ಕೈ ಚಾಚಿದಳು. ಇಸ್ತ್ರಿ ಅಕ್ಕ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

"ಮುಟ್ಬೇಡ," ಎಂದಳು. "ಇದು ನೆಲಕ್ಕೆ ಬೀಳೋಕೆ ಮುಂಚೆ ಎದ್ದಿದ್ರೆ ಸಾಕಿತ್ತು ಕಣೇ."