ಗಡಿಮಣ್ಣು

ಶಿರಹಟ್ಟಿ ತಾಲೂಕಿಗೂ ಮುಂಡರಗಿ ತಾಲೂಕಿಗೂ ನಡುವಿನ ಗುಡ್ಡದ ಮೇಲೆ ಗಡಿಕಲ್ಲು ಎಲ್ಲೆಲ್ಲಿದ್ದವೋ, ದೇವರೇ ಬಲ್ಲ. ಸಂಸ್ಥಾನದವರು ನೆಟ್ಟರು, ಬ್ರಿಟಿಷರು ಕಿತ್ತರು, ಉಳಿದವನ್ನು ನಮ್ಮ ಜನ ಬಟ್ಟೆ ಒಗೆಯಲು ಹೊತ್ತೊಯ್ದರು. ಹೀಗಾಗಿ ತಕರಾರು ಎದ್ದಾಗಲೆಲ್ಲ ಹಳೆಯ ಪದ್ಧತಿಯೇ ಗತಿ. ಗುಡ್ಡದ ಈಚೆ ಊರಿನ ನೀಲಪ್ಪನ ಮನೆತನದ ಒಬ್ಬ ಗಡಿಮಣ್ಣಿನ ಬುಟ್ಟಿ ಹೊತ್ತು ನಡೆಯಬೇಕು. ಅವನು ನಡೆದದ್ದೇ ಗಡಿ. ಅದಕ್ಕೆ ಮೊದಲು ಆಣೆ ಇಡಬೇಕು: "ಸುಳ್ಳು ನಡದ್ರ ಈ ಗುಡ್ಡದ ಮಣ್ಣು ನನ್ನ ಮನಿ ತುಂಬಲಿ."

ಈ ಸಲದ ತಕರಾರು ಗುಡ್ಡದ ಚಿಲುಮೆಯದು. ಅದು ಆಚೆ ಊರಿನ ಅಡವಿಯಲ್ಲಿತ್ತು, ಖರೆ. ಬೇಸಿಗೆ ಬಂತೆಂದರೆ ಆಚೆಯವರು ಈಚೆಯವರ ಕೊಡ ಒಡೆಯುತ್ತಿದ್ದರು. ತಹಶೀಲ್ದಾರರು ಎರಡೂ ಊರಿನ ಹಿರಿಯರನ್ನು ಕೂಡಿಸಿ, "ನೀವ ಬಗಿಹರಿಸ್ಕೊಳ್ರಿ, ತೋರಿಸಿದಲ್ಲಿ ಕಲ್ಲು ಹಾಕಸ್ತೀನಿ" ಎಂದು ಕೈ ತೊಳೆದುಕೊಂಡರು.

ಗಡಿ ನಡೆಯುವ ಹಿಂದಿನ ದಿನ ಊರ ಗೌಡ ಉಳವಪ್ಪ ಬಂದು ನೀಲಪ್ಪನ ಕಟ್ಟೆಯ ಮೇಲೆ ಕೂತ. ಈ ಮನುಷ್ಯ ಸುಮ್ಮನೆ ಯಾರ ಕಟ್ಟೆಗೂ ಬಂದವನಲ್ಲ.

"ಚಿಲುಮಿ ದಾಟಿ ನಡಿಯೋ ನೀಲಪ್ಪ."

"ಆಣಿ ಐತ್ರಿ ಗೌಡ್ರ. ಮನಿ ಮ್ಯಾಲಿನ ಆಣಿ."

"ನಿನ್ನ ಮಗಳು ಕಾವೇರಿ ತುಂಬಿದ ಬಸುರಿ. ಆಕಿನ್ನ ಆಚಿ ಊರಾಗ ನೀರು ಬೇಡಾಕ ಕಳಸ್ತಿಯೇನಲೇ?"

ಒಳಗೆ ಕಾವೇರಿಯ ತಂಬಿಗೆ ನೀರಿನ ಹರವಿಯ ತಳ ಕೆರೆಯುವ ಸದ್ದು ಕೇಳಿಸಿತು. ನೀಲಪ್ಪ ಹೂಂ ಎಂದು ತಲೆಯಾಡಿಸಿದ. ಹೆಂಡತಿ ಅಮೃತವ್ವ ಮಾತ್ರ ಬಾಗಿಲಲ್ಲೇ ನಿಂತು, "ಬ್ಯಾಡ್ರಿ, ಆ ಮಣ್ಣಿಗೆ ಕಿವಿ ಅದಾವ" ಎಂದಳು.

ಮರುದಿನ ನೀಲಪ್ಪ ಆಣೆ ಇಟ್ಟು, ತಲೆಯ ರುಮಾಲಿನ ಮೇಲೆ ಬುಟ್ಟಿ ಹೊತ್ತು ಹೊರಟ. ಹಿಂದೆ ಎರಡೂ ಊರಿನ ಜನ. ಚಿಲುಮೆ ಕಂಡದ್ದೇ ಕಾಲು ತಾನಾಗಿ ಖರೆ ಗಡಿಯತ್ತ ತಿರುಗಿತು. ಅದನ್ನು ಎಳೆದು ಚಿಲುಮೆಯಾಚೆಗಿಟ್ಟ. ಬುಟ್ಟಿಯ ಸಂದಿಯಿಂದ ಮಣ್ಣು ಸೋರಿ ಬೆನ್ನಿಗಿಳಿಯಿತು, ಆ ಬಿಸಿಲಲ್ಲೂ ತಣ್ಣಗೆ. ಆಚೆ ಊರಿನ ಮುದುಕನೊಬ್ಬ ತಡೆಯಲಿಲ್ಲ. "ನಡಿಯಪ್ಪಾ, ನಡಿ. ಮನಿ ನಿಂದು" ಎಂದಷ್ಟೇ ಅಂದ. ಅಯ್ಯೋ, ನಾಕು ಬೈದಿದ್ದರೆ ಎಷ್ಟೋ ಚಲೋ ಇತ್ತು!

ಹೊಸ ಕಲ್ಲು ಬಿತ್ತು. ನೀರು ಬಂತು. ಕಾವೇರಿ ಹೆಣ್ಣು ಕೂಸು ಹಡೆದಳು. ಹುಚ್ಚ ನೀಲಪ್ಪ, ಆಣೆ ಗೀಣೆ ಎಲ್ಲ ಸುಳ್ಳೆಂದು ಮೀಸೆಯಡಿ ನಕ್ಕ.

ಆಮೇಲೆ ಜೆಸಿಬಿ ಬಂತು. ಗಡಿಯಾಚೆ ಇದ್ದಷ್ಟು ದಿನ ಚಿಲುಮೆಯ ಸುತ್ತಲಿನ ಗುಡ್ಡ ಸರಕಾರ ಕಾಯ್ದಿಟ್ಟ ಅಡವಿ, ಒಂದು ಕಲ್ಲನ್ನೂ ಯಾರೂ ಮುಟ್ಟುವಂತಿರಲಿಲ್ಲ. ಈಚೆ ಬಂದದ್ದೇ ತಡ, ಬರೀ ಕಂದಾಯದ ಭೂಮಿ. ಕಲ್ಲು ಒಡೆಯುವ ಪರವಾನಗಿ ಉಳವಪ್ಪನ ಅಳಿಯನಿಗೇ ಸಿಕ್ಕಿತು. ಗೌಡ ಕಟ್ಟೆಗೆ ಬಂದದ್ದು ಯಾಕೆಂದು ನೀಲಪ್ಪನಿಗೆ ಆಗ ಗೊತ್ತಾಯಿತು. ಮದ್ದು ಸಿಡಿದು ಚಿಲುಮೆ ಬತ್ತಿತು. ಕೆಂಪು ಮಣ್ಣು ಧೂಳಾಗಿ ಹಾರಿ ನೀಲಪ್ಪನ ಮನೆಯ ಬೆಳಕಿಂಡಿಯಿಂದ ಇಳಿದು ರೊಟ್ಟಿ, ಹರವಿ, ಹಾಸಿಗೆ ಎಲ್ಲವನ್ನೂ ಮುಚ್ಚಿತು. ಅಮೃತವ್ವ ಗುಡಿಸಿದಳು, ಗುಡಿಸಿದಷ್ಟೂ ಬಿತ್ತು.

ಇವತ್ತು ಮಧ್ಯಾಹ್ನ ಗುಡ್ಡ ಮತ್ತೆ ಗುಡುಗಿತು. ತೊಟ್ಟಿಲಲ್ಲಿ ಕೂಸು ಕೆಮ್ಮತೊಡಗಿತು, ಕೆಮ್ಮು ನಿಲ್ಲಲೇ ಇಲ್ಲ. "ಯಪ್ಪಾ, ಏನರ ಮಾಡೋ!" ಎಂದು ಕಾವೇರಿ ಚೀರಿದಳು. ನೀಲಪ್ಪ ಓಡಿಹೋಗಿ, ಕೂಸಿಗೆ ಮರೆಯಾಗಲೆಂದು ತಲೆಯ ರುಮಾಲು ಬಿಚ್ಚಿ ತೊಟ್ಟಿಲ ಮೇಲೆ ಹರವಿದ. ಅದರ ಮಡಿಕೆಗಳಲ್ಲಿ ಕೂತಿದ್ದ ಮಣ್ಣು ಸುರಿದು ಕೂಸಿನ ಮುಖದ ಮೇಲೆ ಬಿತ್ತು.