ಪೋಸ್ಟರಿನ ಬೆವರು

ಅಸಹ್ಯ ಅನ್ನುವುದು ಅವನ ಜಾತಕದಲ್ಲೇ ಬರೆದಿಲ್ಲ ಎಂದು ಪಡೆಯ ಅಡುಗೆಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಪಾತ್ರೆ ತೊಳೆಯುವ ತೊಟ್ಟಿಯ ಮೋರಿ ಕಟ್ಟಿಕೊಂಡರೆ ಬೇರೆಯವರು ಮೂಗು ಮುಚ್ಚಿಕೊಂಡು ಕೋಲು ಹುಡುಕುತ್ತಿದ್ದರು. ಅಷ್ಟರಲ್ಲಿ ಅವನು ತೋಳು ಮಡಚಿ, ಮೊಣಕೈವರೆಗೂ ಕೈ ಇಳಿಬಿಟ್ಟು, ಹೆಪ್ಪುಗಟ್ಟಿದ ಜಿಡ್ಡನ್ನು ಉಂಡೆ ಉಂಡೆಯಾಗಿ ಎತ್ತಿ ಹಾಕಿರುತ್ತಿದ್ದ. ಮೂಟೆಯ ತಳದಲ್ಲಿ ಕೊಳೆತು ನೀರಾದ ಆಲೂಗಡ್ಡೆಯನ್ನು ಬರಿಗೈಲಿ ಬಾಚಿ, "ಇದೂ ಒಂದು ಕಾಲಕ್ಕೆ ಊಟಾನೇ ಅಲ್ವೇನ್ರಪ್ಪಾ" ಎನ್ನುತ್ತಿದ್ದ. ಅಂಥವನಿಗೂ ಹೇಸಿಗೆ ಅಂದರೇನೆಂದು ಒಂದು ತಗಡಿನ ಡಬ್ಬಿ ಕಲಿಸಿಕೊಟ್ಟಿತು.

ಪಡೆಯಲ್ಲಿ ಅಡುಗೆಯವನೂ ಸೈನಿಕನೇ. ಬಂದೂಕಿಗಿಂತ ಸೌಟು ಹಿಡಿದದ್ದೇ ಹೆಚ್ಚಾದರೂ ವರ್ಷಕ್ಕೊಮ್ಮೆ ಎಲ್ಲರ ಜೊತೆ ಮೈದಾನಕ್ಕೆ ಇಳಿಯಬೇಕು. ದಂಡ ಹೊಡೆಯಬೇಕು, ಅಂಗಾತ ಮಲಗಿ ಎದ್ದು ಮಲಗಿ ಏಳಬೇಕು, ಕೊನೆಗೆ ಗಡಿಯಾರ ಹಿಡಿದು ನಿಂತ ಸಾರ್ಜೆಂಟರ ಕಣ್ಣೆದುರು ಓಡಬೇಕು. ಸೇರಿದ ಹೊಸತರಲ್ಲಿ ಅವನು ಜಿಂಕೆಯ ಹಾಗೆ ಓಡುತ್ತಿದ್ದ. ಆಮೇಲೆ ಒಲೆಯ ಮುಂದೆ ನಿಂತು ಉಪ್ಪು ನೋಡುತ್ತೇನೆಂದು ಒಂದು ಸೌಟು, ಮಿಕ್ಕದ್ದನ್ನು ಚೆಲ್ಲುವುದೇಕೆಂದು ಇನ್ನೊಂದು ಸೌಟು. ಹೀಗೆ ಹೊಟ್ಟೆ ಅವನಿಗಿಂತ ಮುಂದೆ ನಡೆಯತೊಡಗಿತು. ಪಡೆಯವರು ಡೊಳ್ಳಣ್ಣ ಎಂದು ಕರೆದರು, ಅವನೂ ಓಗೊಟ್ಟ. ಹಿಂದಿನ ವರ್ಷ ಓಟದಲ್ಲಿ ಫೇಲಾದ. ಈ ಸಲವೂ ಫೇಲಾದರೆ ಸಮವಸ್ತ್ರ ಬಿಚ್ಚಿಟ್ಟು ಮನೆಗೆ ಹೋಗಬೇಕಿತ್ತು.

ಬೆಳಗ್ಗೆ ಬೇಗ ಎದ್ದು ಓಡಬೇಕೆಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ನಾಳೆಯಿಂದ ಎಂದುಕೊಂಡ. ನಾಳೆಗೆ ಇನ್ನೊಂದು ನಾಳೆ ಹುಟ್ಟಿತು. ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನುವ ಮಾತು ಹುಟ್ಟಿದ್ದು ಇಂಥವರಿಂದಲೇ ಇರಬೇಕು. ಪರೀಕ್ಷೆ ಮುಂದಿನ ವಾರ ಅನ್ನುವಾಗ ಅವನು ರಜೆ ಹಾಕಿ ಅಕ್ಕನ ಮನೆಗೆ ಹೋಗಿ ತಲೆ ಮೇಲೆ ಕೈಹೊತ್ತು ಕುಳಿತ.

ಅಕ್ಕನ ಗಂಡ ಬೀದಿಯ ಮೂಲೆಯಲ್ಲಿ ಅಂಗಡಿ ಇಟ್ಟವನು. ಮಾತಿನಲ್ಲೇ ಮಂಟಪ ಕಟ್ಟುವ ಆಸಾಮಿ. ಹೋದ ವರ್ಷ ಸೊಳ್ಳೆ ಓಡಿಸುವ ದೀಪ, ಅದರ ಹಿಂದಿನ ವರ್ಷ ಕೂದಲು ಹುಟ್ಟಿಸುವ ಎಣ್ಣೆ, ಈ ವರ್ಷ ಶಕ್ತಿ ಪಾನೀಯದ ಏಜೆನ್ಸಿ. ಅಂಗಡಿಯ ಅರ್ಧ ಜಾಗ ಅದರ ಡಬ್ಬಿಗಳೇ. ಪ್ರತಿ ಡಬ್ಬಿಯ ಮೇಲೂ ಹಲ್ಲು ಕಿರಿದ ಒಂದು ಕರಡಿ.

"ಇಷ್ಟಕ್ಕೆಲ್ಲ ಮುಖ ಸಣ್ಣ ಮಾಡ್ಕೋತಾರೇನಯ್ಯಾ?" ಎಂದು ಭಾವ ಒಂದು ಪೆಟ್ಟಿಗೆಯನ್ನೇ ತಂದು ಅವನ ಮಡಿಲಿಗಿಟ್ಟ. "ಓಡೋಕೆ ಮುಂಚೆ ಮೂರು ಡಬ್ಬಿ ಏರಿಸು. ಕಾಲು ತಾನಾಗೇ ಓಡುತ್ತೆ. ನೀನು ಸುಮ್ನೆ ಮೇಲೆ ಕೂತಿದ್ರೆ ಸಾಕು."

"ಮೂರು ಹೆಚ್ಚಾಗಲ್ವಾ ಭಾವ? ಇದರ ಮೇಲೆ ಎಚ್ಚರಿಕೆ ಅಂತ ಏನೋ ಬರ್ದಿದಾರೆ."

"ಬೆಂಕಿಪೊಟ್ಟಣದ ಮೇಲೂ ಬರ್ದಿರ್ತಾರೆ. ಒಲೆ ಹಚ್ಚೋದು ಬಿಟ್ಟಿದ್ದೀಯಾ?"

ಅಕ್ಕ ಒಳಗಿನಿಂದಲೇ, "ಅವನ ಹೊಟ್ಟೆ ಮೊದಲೇ ನಾಜೂಕು, ಏನೇನೋ ಕುಡಿಸ್ಬೇಡಿ" ಎಂದಳು. ಅವಳ ಮಾತು ಗೋಡೆಗೆ ಹೇಳಿದ ಹಾಗಾಯಿತು.

ಪರೀಕ್ಷೆಯ ದಿನ ಬೆಳಕು ಹರಿಯುವಾಗ ಅವನು ಅಡುಗೆಮನೆಯ ಹಿಂದೆ, ಕಸದ ಡ್ರಮ್ಮುಗಳ ಮರೆಯಲ್ಲಿ ನಿಂತು ಮೊದಲ ಡಬ್ಬಿ ತೆರೆದ. ಬುಸ್ಸೆಂದು ಹಸಿರು ನೊರೆ ಉಕ್ಕಿ ಬೆರಳಿಗೆ ಅಂಟಿತು. ಕೆಮ್ಮಿನ ಔಷಧಿಗೆ ಕೆಜಿಗಟ್ಟಲೆ ಸಕ್ಕರೆ ಸುರಿದು, ತುಕ್ಕು ಹಿಡಿದ ಮೊಳೆ ನೆನೆಹಾಕಿದಂಥ ರುಚಿ. ನಾಲಿಗೆಯ ಮೇಲೆ ಲೋಳೆಯಂಥದ್ದೊಂದು ಪದರ ಕೂತು, ಎಷ್ಟು ಉಗಿದರೂ ಹೋಗಲಿಲ್ಲ. ಎರಡನೆಯದನ್ನು ಮೂಗು ಹಿಡಿದುಕೊಂಡು ಇಳಿಸಿದ. ಮೂರನೆಯದು ಅರ್ಧಕ್ಕೆ ಬರುವಾಗ ಮೊದಲನೆಯದು ತೇಗಾಗಿ ಮೂಗಿನಲ್ಲಿ ಬಂತು. ಕಣ್ಣಲ್ಲಿ ನೀರು ಬಂದರೂ ಉಳಿದದ್ದನ್ನು ನುಂಗಿದ.

ಮೈದಾನಕ್ಕೆ ಹೋದರೆ ಅವನೊಬ್ಬನೇ ಅಲ್ಲ. ಗೋಡೆಯ ಬುಡದಲ್ಲಿ ಬಗೆಬಗೆಯ ಬಣ್ಣದ ಡಬ್ಬಿಗಳ ಗುಡ್ಡೆಯೇ ಬಿದ್ದಿತ್ತು. ಚೆಲ್ಲಿದ ಪಾಕಕ್ಕೆ ಇರುವೆ ಮುತ್ತಿ, ಅಂಟಿಕೊಂಡು, ಅಲ್ಲೇ ಸತ್ತಿದ್ದವು. ಇಪ್ಪತ್ತು ವರ್ಷದ ಗಟ್ಟಿ ಹುಡುಗರು ಕೂಡ ಡಬ್ಬಿ ಎತ್ತಿ ಗಟಗಟ ಕುಡಿದು, ತೇಗಿ, ನಿಂತಲ್ಲಿ ನಿಲ್ಲಲಾಗದೆ ಕುಣಿಯುತ್ತಿದ್ದರು. ಒಬ್ಬನ ಕಣ್ಣು ರೆಪ್ಪೆ ಹೊಡೆಯುವುದನ್ನೇ ಮರೆತಿತ್ತು. ಸಾರ್ಜೆಂಟು ನೋಡಿಯೂ ನೋಡದವರಂತೆ ಸೀಟಿ ಒರೆಸಿಕೊಳ್ಳುತ್ತಿದ್ದರು. ಎಷ್ಟು ಜನ ಪಾಸಾದರು ಅನ್ನುವುದಷ್ಟೇ ಅವರ ಮೇಲಿನವರಿಗೆ ಬೇಕಾಗಿದ್ದದ್ದು.

ಡೊಳ್ಳಣ್ಣನ ಕೈಬೆರಳು ತಾವಾಗಿಯೇ ನಡುಗುತ್ತಿದ್ದವು. ಎದೆಯೊಳಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ದಂಡ ಹೊಡೆಯುವಾಗ ಹೊಟ್ಟೆಯಲ್ಲಿ ಅರ್ಧ ತುಂಬಿದ ಕೊಡ ಅಲುಗಿದ ಸದ್ದು. ಮಲಗಿ ಏಳುವಾಗ ಪ್ರತಿ ಸಲವೂ ಗಂಟಲ ತನಕ ಬಂದದ್ದನ್ನು ಮತ್ತೆ ನುಂಗಿದ. ಒಮ್ಮೆ ಕುಡಿದ ಹೇಸಿಗೆಯನ್ನು ಹತ್ತು ಸಲ ಕುಡಿದಂತಾಯಿತು.

ಓಟ ಶುರುವಾಯಿತು. ಕಾಲು ಓಡಿತು, ಅದು ಸುಳ್ಳಲ್ಲ. ಆದರೆ ಉಳಿದ ಮೈ ಕಾಲಿನ ಜೊತೆ ಬರಲೊಪ್ಪಲಿಲ್ಲ. ಮೂರನೇ ಸುತ್ತಿನಲ್ಲಿ ಹೊಟ್ಟೆ ತೊಳಸಿ, ಬಾಯಿ ಮುಚ್ಚುವ ಮೊದಲೇ ಹಸಿರು ನೊರೆ ಹಾರಿತು. ಅರ್ಧ ಅವನ ಎದೆಗೆ, ಅರ್ಧ ಮುಂದೆ ಓಡುತ್ತಿದ್ದ ಪಡೆಯ ಗುಮಾಸ್ತನ ಹಿಮ್ಮಡಿಗೆ. ಗುಮಾಸ್ತ ತಿರುಗಿ ನೋಡಿ, "ಥೂ! ಏನಯ್ಯಾ ಇದು!" ಎಂದವನು ಆ ವಾಸನೆಗೆ ತಾನೂ ಪಕ್ಕಕ್ಕೆ ಸರಿದು ಬಗ್ಗಿದ. ಅವನ ಹೊಟ್ಟೆಯೊಳಗಿಂದಲೂ ಅದೇ ಹಸಿರು. ಡೊಳ್ಳಣ್ಣ ನಿಲ್ಲಲಿಲ್ಲ. ನಿಂತರೆ ಕೆಲಸ ಹೋಯಿತು. ವಾಂತಿಯಲ್ಲಿ ತೊಯ್ದ ಅಂಗಿ ಎದೆಗೆ ಪಟಪಟನೆ ಅಂಟುತ್ತಾ ಬಿಡುತ್ತಾ ಇರಲು ಇನ್ನೂ ಎರಡು ಸುತ್ತು ಓಡಿದ. ಕೊನೆಯ ಸುತ್ತಿನ ತಿರುವಿನಲ್ಲಿ ಹೊಟ್ಟೆ ಇನ್ನೊಂದು ದಾರಿ ಹುಡುಕಿಕೊಂಡಿತು. ಬಿಸಿಬಿಸಿಯಾಗಿ ತೊಡೆಯ ಮೇಲೆ ಇಳಿದದ್ದು ಕಾಲುಚೀಲದ ತನಕ ಬಂತು. ನಲವತ್ತು ಸಮೀಪಿಸಿದ ಗಂಡಸು, ಹಗಲು ಬೆಳಕಿನಲ್ಲಿ, ನೂರು ಜನರ ನಡುವೆ ಹೇತುಕೊಂಡು ಓಡಿದ. ಓಡಿ ಗೆರೆ ದಾಟಿದ.

ಸಾರ್ಜೆಂಟು ಗಡಿಯಾರ ನೋಡಿದರು, ಅವನನ್ನು ನೋಡಿದರು, ಮೂಗು ಹಿಡಿದುಕೊಂಡರು. "ಪಾಸು. ಹತ್ತಿರ ಮಾತ್ರ ಬರಬೇಡ."

ಯಾರೋ ಚಪ್ಪಾಳೆ ತಟ್ಟಿದರು. ಯಾರೋ ಫೋಟೊ ತೆಗೆದರು. ಸ್ನಾನದ ಮನೆಯಲ್ಲಿ ಅವನು ಗೋಡೆಗೆ ಮುಖ ಮಾಡಿ ತನ್ನ ಚಡ್ಡಿ ತೊಳೆದ. ಪಕ್ಕದ ನಲ್ಲಿಗಳ ಕೆಳಗೂ ಜನ ಬಗ್ಗಿ ನಿಂತು ಕಾರುತ್ತಿದ್ದರು. ಮೋರಿಯ ಬಾಯಲ್ಲಿ ಹಸಿರು, ಕೆಂಪು, ನೀಲಿ ನೊರೆ ಸೇರಿ ಸುಳಿ ತಿರುಗುತ್ತಿತ್ತು. ಇಷ್ಟು ವರ್ಷ ಕೊಳೆತದ್ದನ್ನೆಲ್ಲ ಬರಿಗೈಲಿ ಬಾಚಿದವನಿಗೆ ಆ ನೊರೆಯನ್ನು ಕಾಲಿನಿಂದ ಸರಿಸಲೂ ಮನಸ್ಸಾಗಲಿಲ್ಲ. ಸಂಜೆಯಾದರೂ ನಡುಕ ನಿಲ್ಲದ್ದಕ್ಕೆ ಪಡೆಯ ಡಾಕ್ಟರಮ್ಮನ ಹತ್ತಿರ ಹೋದ. ಅವರು ನಾಡಿ ಹಿಡಿದು, "ಎಷ್ಟು ಕುಡಿದಿರಿ?" ಎಂದು ಕೇಳಿದರು. ಅವನು ಮೂರು ಬೆರಳು ತೋರಿಸಿದ. "ನಿಮ್ಮ ವಯಸ್ಸಿಗೆ, ನಿಮ್ಮ ಮೈಗೆ, ಆ ಓಟಕ್ಕೆ ಇವತ್ತು ಎದೆ ನಿಂತುಹೋಗಿದ್ರೂ ನನಗೆ ಆಶ್ಚರ್ಯ ಆಗ್ತಿರಲಿಲ್ಲ" ಎಂದರು. ಗದರಿಸಲೂ ಇಲ್ಲ. ಗದರಿಸಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಆದರೂ ಅಕ್ಕನಿಗೆ ಫೋನು ಮಾಡಿದಾಗ ಹೇಳಿದ್ದು ಒಂದೇ ಮಾತು: "ಪಾಸಾದೆ ಕಣೇ." ಯಾರೋ ಕಳಿಸಿದ್ದ ಫೋಟೊವನ್ನೂ ಅವಳಿಗೆ ಕಳಿಸಿದ. ಗೆರೆ ದಾಟುವಾಗಿನದು, ಸೊಂಟದಿಂದ ಮೇಲೆ. ಎರಡೂ ಕೈ ಎತ್ತಿದ್ದಾನೆ, ಬಾಯಿ ತೆರೆದಿದೆ, ಎದೆಯ ಮೇಲಿನ ಅಂಗಿ ಒದ್ದೆಯಾಗಿ ಮಿರಿಮಿರಿ ಮಿಂಚುತ್ತಿದೆ.

ತಿಂಗಳು ಕಳೆದು ಅಕ್ಕನ ಮನೆಗೆ ಹೋದರೆ ಅಂಗಡಿಯ ಬಾಗಿಲ ಮೇಲೆ ಆಳೆತ್ತರದ ಪೋಸ್ಟರಿನಲ್ಲಿ ತಾನೇ ನಿಂತಿದ್ದ. ಎತ್ತಿದ ಕೈಗೆ ಯಾರೋ ಜಾಣರು ಒಂದು ಡಬ್ಬಿ ಅಂಟಿಸಿದ್ದರು. ಪಕ್ಕದಲ್ಲಿ ಕರಡಿ. ಕೆಳಗೆ ದಪ್ಪ ಅಕ್ಷರ: "ಯೋಧನ ಬೆವರಿಗೆ ನಮ್ಮ ಬಲ!"

"ಹೇಗಿದೆ?" ಎಂದ ಭಾವ ಎದೆಯುಬ್ಬಿಸಿ. "ನಿನ್ನ ಕೇಳ್ಬೇಕು ಅಂತಿದ್ದೆ, ಮನೆಯವನೇ ತಾನೆ ಅಂತ ಸುಮ್ಮನಾದೆ. ಆ ಬೆವರು ನೋಡು, ಆ ಬೆವರು! ಅದಕ್ಕೇ ಅರ್ಧ ಮಾಲು ಖರ್ಚಾಗಿದೆ."

ಡೊಳ್ಳಣ್ಣ ತಲೆಯೆತ್ತಿ ನೋಡಿದ. ಬೆವರಂತೆ! ಗುಮಾಸ್ತನ ಹಿಮ್ಮಡಿಗೆ ಬಿದ್ದದ್ದರ ಇನ್ನರ್ಧ ಅದು. ಅಷ್ಟು ದೊಡ್ಡದು ಮಾಡಿದ ಮೇಲೆ ನೊರೆಯ ಗುಳ್ಳೆ ಕೂಡ ಕಾಣುತ್ತಿದ್ದವು. ಬಾಯಿಗೆ ನೀರು ಬಂತು. ಊಟ ಕಂಡಾಗ ಬರುವ ನೀರಲ್ಲ, ವಾಂತಿಗೆ ಮೊದಲು ಬರುವಂಥದ್ದು. ಉಗುಳಲೂ ಆಗದೆ ನುಂಗಲೂ ಆಗದೆ ನಿಂತ. ಭಾವನ ಅನ್ನ ಉಂಡವನು, ಅಕ್ಕನ ಸಂಸಾರ ಈ ಅಂಗಡಿಯ ಮೇಲೆ ನಡೆಯುವುದು. ಬಾಯಿ ಬಿಡುವುದು ಹೇಗೆ?

ಅಷ್ಟರಲ್ಲಿ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಹೊಲಿಗೆಯವಳಿರಬೇಕು, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಮಗಳು ತೆಳ್ಳಗೆ, ಉದ್ದ ಕಾಲಿನವಳು, ಹೊಸ ಬೂಟು ಹಾಕಿಕೊಂಡು ಪದೇ ಪದೇ ಅದನ್ನೇ ನೋಡಿಕೊಳ್ಳುತ್ತಿದ್ದಳು.

"ನಾಳೆ ಇವಳಿಗೆ ಪಡೆ ಸೇರೋ ಓಟ ಇದೆ" ಎಂದಳು ತಾಯಿ. "ಈ ಡಬ್ಬಿ ಕುಡಿದ್ರೆ ಪಾಸಾಗ್ತಾರಂತೆ, ಹೌದಾ?" ಪೋಸ್ಟರ್ ನೋಡಿದಳು, ಡೊಳ್ಳಣ್ಣನನ್ನು ನೋಡಿದಳು. "ಅಯ್ಯೋ, ಇದು ನೀವೇ ಅಲ್ವಾ?"

"ಅವನೇ ತಾಯಿ, ನನ್ನ ಸ್ವಂತ ಭಾವಮೈದ!" ಎಂದು ಭಾವ ಅವನ ಬೆನ್ನು ತಟ್ಟಿದ. "ಕೇಳಿ ಅವನನ್ನೇ."

"ನೀವು ಹೇಳಿ ಅಣ್ಣಾ, ಕೊಡಬಹುದಾ ಮಗೂಗೆ?"

ಹೆಂಗಸು ಅವನ ಬಾಯನ್ನೇ ನೋಡುತ್ತಿದ್ದಳು. ಡಾಕ್ಟರಮ್ಮನ ತಣ್ಣನೆಯ ಮಾತು ಅವನ ಕಿವಿಯಲ್ಲಿತ್ತು.

"ಆ ಫೋಟೊದಲ್ಲಿರೋದು ಬೆವರಲ್ಲಮ್ಮಾ" ಎಂದ. "ವಾಂತಿ."

ಭಾವ ಗಹಗಹಿಸಿದ. "ತಮಾಷೆ ಮಾಡ್ತಾನೆ, ತಮಾಷೆ!"

"ತಮಾಷೆಯಲ್ಲ. ಸೊಂಟದ ಕೆಳಗೆ ಕತ್ತರಿಸಿದಾರಲ್ಲ, ಅಲ್ಲಿರೋದು ಇನ್ನೂ ಹೊಲಸು. ಮೂರು ಡಬ್ಬಿ ಕುಡಿದು, ಮೇಲೂ ಕೆಳಗೂ ಕಿತ್ಕೊಂಡು, ಚಡ್ಡೀಲೇ ಎಲ್ಲಾ ಮಾಡ್ಕೊಂಡು ಓಡಿದೆ. ಕೈ ಎರಡು ದಿನ ನಡುಗ್ತಿತ್ತು. ಸತ್ತಿದ್ರೂ ಆಶ್ಚರ್ಯ ಇರ್ಲಿಲ್ಲ ಅಂದ್ರು ಡಾಕ್ಟ್ರು. ನಿಮ್ಮ ಮಗೂಗೆ ಬೇಡ ತಾಯಿ."

"ಛೀ!" ಎಂದಳು ಹುಡುಗಿ, ಬಾಯಿಗೆ ಕೈ ಅಡ್ಡ ಹಿಡಿದು. ಆಮೇಲೆ ತಡೆಯಲಾಗದೆ ಕಿಸಕ್ಕೆಂದು ನಕ್ಕಳು. ಅವಳ ನಗು ಅವನ ಕಿವಿಯವರೆಗೂ ಸುಟ್ಟಿತು. ಆದರೂ ಆಡಿದ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ಭಾವನ ಮುಖ ಕಪ್ಪಿಟ್ಟಿತು. "ತಿಂದ ಮನೆಗೆ ಎರಡು ಬಗೀತೀಯೇನೋ? ಇವನ ಹೊಟ್ಟೆ ಕೆಟ್ರೆ ಮಾಲೇನು ಮಾಡುತ್ತೆ ತಾಯಿ? ಅಮೃತ ಕಣ್ರೀ ಇದು, ಅಮೃತ!"

ಡೊಳ್ಳಣ್ಣ ಒಂದು ಡಬ್ಬಿ ತೆಗೆದು, ಚಿಟಿಕ್ಕೆಂದು ತೆರೆದು ಭಾವನ ಮುಂದೆ ಹಿಡಿದ. ಹಸಿರು ನೊರೆ ಅಂಚಿನಿಂದ ಇಳಿಯಿತು. "ಅಮೃತ ಆದ್ರೆ ನೀವೇ ಕುಡೀರಿ ಭಾವ. ನೀವು ಕುಡಿದಿದ್ದು ನಾನಂತೂ ನೋಡಿಲ್ಲ."

"ನನಗ್ಯಾಕೆ? ನಾನೇನು ಓಡಬೇಕಾ?"

ಗಲಾಟೆಗೆ ಅಕ್ಕ ಹೊರಗೆ ಬಂದಿದ್ದಳು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಕುಡೀರಿ" ಎಂದಳು ಗಂಡನಿಗೆ. ದನಿ ಏರಿಸಲಿಲ್ಲ. "ನನ್ನ ತಮ್ಮನಿಗೆ ಮೂರು ಕುಡಿಸಿದ್ರಲ್ಲ, ನೀವೊಂದು ಕುಡೀರಿ."

ನಾಲ್ಕು ಜನರ ಮುಂದೆ ಭಾವ ಡಬ್ಬಿ ಈಸಿಕೊಂಡ. ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಕೆನ್ನೆ ಉಬ್ಬಿತು, ಕಣ್ಣು ಅಗಲವಾಯಿತು. ಗಂಟಲು ಒಮ್ಮೆ ಇಳಿಸಲು ನೋಡಿ ಹಿಂದೆಗೆಯಿತು. ಆಮೇಲೆ ಅವನು ಬಾಗಿಲಿಗೆ ಓಡಿ ಮೆಟ್ಟಿಲ ಪಕ್ಕ ಪೂರಾ ಉಗಿದ. "ಥೂ ಥೂ" ಎಂದು ನಾಲಿಗೆಯನ್ನು ತೋಳಿಗೆ ತಿಕ್ಕಿ ತಿಕ್ಕಿ ಒರೆಸಿದ. ಮಾರುವವನಿಗೆ ತಾನು ಮಾರುವುದರ ರುಚಿಯೇ ಗೊತ್ತಿರಲಿಲ್ಲ! ಡೊಳ್ಳಣ್ಣನಿಗೆ ನಗು ಬರಬೇಕಿತ್ತು. ಬರಲಿಲ್ಲ. ಇಷ್ಟು ದಿನ ತನ್ನ ಮೈ ನೋಡಿ ಪಟ್ಟುಕೊಂಡ ಹೇಸಿಗೆಯೆಲ್ಲ ತಿರುಗಿ ಆ ಮೆಟ್ಟಿಲ ಮೇಲೆ ಹೋಗಿ ಕುಳಿತಿತು.

ಹೊಲಿಗೆಯವಳು ಮಗಳಿಗೆ ಒಂದು ಬಾಟಲಿ ನೀರು ಕೊಂಡು, ಅವಳ ಕೈಹಿಡಿದು ಹೋದಳು. ಅಕ್ಕ ಕುರ್ಚಿ ಹತ್ತಿ ಪೋಸ್ಟರನ್ನು ಒಂದು ಮೂಲೆಯಿಂದ ಹಿಡಿದು ಪರ್ರೆಂದು ಎಳೆದಳು. ಅವನ ಮುಖದ ಅರ್ಧ ಗೋಡೆಯಲ್ಲೇ ಉಳಿಯಿತು. ಅದನ್ನು ಉಗುರಿನಿಂದ ಕೆರೆದು ತೆಗೆದಳು.

ಇದರಿಂದ ಲೋಕವೇನೂ ತಿದ್ದಿಕೊಳ್ಳಲಿಲ್ಲ. ಭಾವ ಮೂರು ತಿಂಗಳು ಮಾತು ಬಿಟ್ಟ. ಪೋಸ್ಟರಿನ ಜಾಗಕ್ಕೆ ಪಕ್ಕದ ಬೀದಿಯ ಕುಸ್ತಿಪಟುವಿನ ಫೋಟೊ ಬಂತು, ಡಬ್ಬಿಗಳು ಮೊದಲಿನ ಹಾಗೇ ಹೋದವು. ಪಡೆಯಲ್ಲಿ ಡೊಳ್ಳಣ್ಣ ಸಾರ್ಜೆಂಟರ ಎದುರು ನಿಂತು, ತನ್ನನ್ನು ಇನ್ನೊಮ್ಮೆ ಓಡಿಸಿ, ಈ ಪಾಸು ತನಗೆ ಬೇಡ ಎಂದ. ಸಾರ್ಜೆಂಟು ಅವನನ್ನು ತಲೆ ಕೆಟ್ಟವನಂತೆ ನೋಡಿ, "ಗಡಿಯಾರ ಹೊತ್ತು ಕೇಳುತ್ತೆ, ನೀನು ಏನು ಕಾರಿದೆ ಅಂತ ಕೇಳಲ್ಲ. ಹೋಗು, ಮೊಟ್ಟೆ ಬೇಯ್ಸು" ಎಂದರು. ಮೈದಾನದ ಗೋಡೆ ಬುಡದಲ್ಲಿ ಡಬ್ಬಿಗಳ ಗುಡ್ಡೆ ಬೆಳೆಯುತ್ತಲೇ ಇತ್ತು. ಅವನು ಬೆಳಗ್ಗೆ ಒಲೆ ಹಚ್ಚುವ ಮೊದಲು ಗುಮಾಸ್ತನನ್ನು ಎಬ್ಬಿಸಿಕೊಂಡು ಓಡತೊಡಗಿದ. ಓಟ ಎನ್ನುವುದಕ್ಕಿಂತ ಏದುಸಿರಿನ ನಡಿಗೆ ಎನ್ನಬೇಕು. ಗುಮಾಸ್ತ ಮಾತ್ರ ಎಂದೂ ಅವನ ಮುಂದೆ ಓಡಲಿಲ್ಲ, ಪಕ್ಕಕ್ಕೇ ಇರುತ್ತಿದ್ದ.

ಒಂದು ದಿನ ಅಕ್ಕ ಫೋನು ಮಾಡಿದಳು. "ಆ ಹೊಲಿಗೆಯವಳ ಮಗಳು ಸೋಪು ತಗೊಳ್ಳೋಕೆ ಬಂದಿದ್ಲು ಕಣೋ. ಓಟದಲ್ಲಿ ಕೊನೇ ಸುತ್ತಲ್ಲಿ ಉಸಿರು ಸಾಲಲಿಲ್ವಂತೆ. ಸ್ವಲ್ಪದರಲ್ಲಿ ಪಾಸಾಗೋದು ತಪ್ಪಿಹೋಯ್ತಂತೆ."

ಅವನ ಕೈ ಸೌಟಿನ ಮೇಲೆ ಹಾಗೇ ನಿಂತಿತು. "ನನ್ನ ಬೈತಾ ಇದ್ಲಾ?"

"ಇಲ್ಲಪ್ಪ. ಆರು ತಿಂಗಳಿಗೆ ಮತ್ತೆ ಓಡ್ತಾಳಂತೆ. ಗೆರೆ ಹತ್ರ ಬಂದು ವಾಂತಿ ಮಾಡ್ಕೊಂಡ್ಲಂತೆ ಪಾಪ."

"ಅವಳೂನಾ? ಏನು ಕುಡಿದಿದ್ಲು?"

"ಏನಿಲ್ಲ ಕಣೋ. 'ಆ ಅಣ್ಣನಿಗೆ ಹೇಳಿ, ನಂದು ಬರೀ ನೀರು' ಅಂದ್ಲು."

ಡೊಳ್ಳಣ್ಣ ಅಡುಗೆಮನೆಯವರೆಲ್ಲ ತಿರುಗಿ ನೋಡುವಂತೆ ನಕ್ಕ. ಆಮೇಲೆ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಸೀದುಹೋಗುತ್ತಿದ್ದ ಈರುಳ್ಳಿಯನ್ನು ಬೇಗಬೇಗ ಕೈಯಾಡಿಸಿದ.